ಟೊಮ್ಯಾಟೊ ಮೊಸಾಯಿಕ್ ರೋಗಕ್ಕೆ ಸಿಂಪರಣೆಯ ಔಷಧಿ ಏಕಿಲ್ಲ?

"ಅಂಗಮಾರಿಗೆ ಔಷಧಿ ಹೇಳುತ್ತೀರಿ, ಬೂದಿರೋಗಕ್ಕೂ ಹೇಳುತ್ತೀರಿ. ಮೊಸಾಯಿಕ್ ಬಂದಾಗ ಮಾತ್ರ ಗಿಡ ಕಿತ್ತುಹಾಕಿ ಎನ್ನುತ್ತೀರಿ. ಇದೆಂಥ ನ್ಯಾಯ?" ಎಂದು ರೈತ ಬಾಂಧವರು ಕೇಳುವುದುಂಟು. ಪ್ರಶ್ನೆ ಸರಿಯಾದದ್ದೇ. ಇದಕ್ಕೆ ಉತ್ತರ ದೊರೆಯಬೇಕಾದರೆ ಈ ರೋಗದ ನಂಜಾಣು ಗಿಡದೊಳಗೆ ಹೇಗೆ ವೃದ್ಧಿಯಾಗುತ್ತದೆ ಎಂಬುದನ್ನು ತಿಳಿಯಬೇಕು.

ಈ ರೋಗ ತಗುಲಿದ ಗಿಡದ ಎಲೆಗಳಲ್ಲಿ ತಿಳಿಹಸಿರು ಮತ್ತು ಕಡುಹಸಿರು ಮಚ್ಚೆಗಳು ಬೆರೆತು ಕಾಣುತ್ತವೆ. ಎಲೆಗಳು ಕಿರಿದಾಗುತ್ತವೆ, ಇಳುವರಿ ತಗ್ಗುತ್ತದೆ. ಇದಕ್ಕೆ ಕಾರಣ ತಂಬಾಕು ಮೊಸಾಯಿಕ್ ನಂಜಾಣು ಅಥವಾ ಅದರ ದಾಯಾದಿಯಾದ ಟೊಮ್ಯಾಟೊ ಮೊಸಾಯಿಕ್ ನಂಜಾಣು. ಬಿಳಿನೊಣದಿಂದ ಹರಡುವ ಎಲೆಮುಟುರು ರೋಗವೇ ಬೇರೆ. ಅದರ ನಂಜಾಣುವಿನಲ್ಲಿರುವುದು ಡಿ.ಎನ್.ಎ. ಇಲ್ಲಿ ಹೇಳುತ್ತಿರುವುದು ಆರ್.ಎನ್.ಎ. ಇರುವ ನಂಜಾಣುವಿನ ವಿಷಯ.

ತಂಬಾಕು ಮೊಸಾಯಿಕ್ ನಂಜಾಣು ಕಡ್ಡಿಯಾಕಾರದ್ದು. ಒಂದು ಮಿಲಿಮೀಟರನ್ನು 3,000ಕ್ಕೂ ಹೆಚ್ಚು ಭಾಗ ಮಾಡಿದರೆ ಒಂದು ಭಾಗದಷ್ಟು ಉದ್ದ. ಹೊರಗೆ ಪ್ರೋಟೀನಿನ ಹೊದಿಕೆ, ಒಳಗೆ ಸುಮಾರು 6,400 ಅಕ್ಷರಗಳ ಒಂದೇ ಒಂದು ಆರ್.ಎನ್.ಎ. ಎಳೆ. ಎ, ಯು, ಜಿ, ಸಿ ಎಂಬ ನಾಲ್ಕೇ ಬಗೆಯ ಅಕ್ಷರಗಳು. ಹೊದಿಕೆ ತೆಗೆದ ಬರಿಯ ಎಳೆಯೇ ರೋಗ ತರಬಲ್ಲದೆಂದು 1956ರಲ್ಲಿ ಜರ್ಮನಿಯಲ್ಲಿ ಗೀರರ್ ಮತ್ತು ಶ್ರಾಮ್, ಅಮೆರಿಕದಲ್ಲಿ ಫ್ರೆಂಕೆಲ್-ಕಾನ್ರಾಟ್ ತೋರಿಸಿಕೊಟ್ಟರು.

ಎಲೆಯ ಮೇಲಿನ ಸಣ್ಣ ಗಾಯದ ಮೂಲಕ ನಂಜಾಣು ಜೀವಕೋಶವನ್ನು ಸೇರುತ್ತದೆ. ಎಳೆಯ ತಲೆಯ ಕಡೆಯ ಸುಮಾರು 70 ಅಕ್ಷರಗಳು ಹೆಚ್ಚು ಮಡಿಚಿಕೊಳ್ಳದೆ ಬಿಡಿಯಾಗಿರುತ್ತವೆ. ಆದುದರಿಂದ ಗಿಡದ ಪ್ರೋಟೀನು ತಯಾರಿಸುವ ಯಂತ್ರಗಳು ಅಲ್ಲಿ ಸುಲಭವಾಗಿ ಹಿಡಿದು ಓದತೊಡಗುತ್ತವೆ. ಹೀಗೆ ಮೊದಲು ತಯಾರಾಗುವುದೇ ನಕಲು ಮಾಡುವ ಕಿಣ್ವ.

ಇನ್ನು ಬಾಲದ ಕಡೆ ನೋಡೋಣ. ಕೋಶದಲ್ಲಿ ಗಿಡದ್ದೇ ಆದ ಸಾವಿರಾರು ಆರ್.ಎನ್.ಎ. ಎಳೆಗಳಿರುತ್ತವೆ. ಅವುಗಳ ನಡುವೆ ಈ ಕಿಣ್ವ ತನ್ನ ಎಳೆಯನ್ನೇ ಆರಿಸಿ, ಅದರ ತುದಿಯಿಂದಲೇ ನಕಲು ಆರಂಭಿಸಬೇಕು. ಅದಕ್ಕೆ ಗುರುತು ಬಾಲದ ಮಡಿಕೆ. ಎ ಅಕ್ಷರ ಯು ಜೊತೆ, ಜಿ ಅಕ್ಷರ ಸಿ ಜೊತೆ ಜೋಡಿಯಾಗುವುದರಿಂದ ಎಳೆ ತನ್ನ ಮೇಲೆ ತಾನೇ ಮಡಿಚಿ ಕುಣಿಕೆಗಳಾಗುತ್ತವೆ. ಕುಣಿಕೆಯ ಅಕ್ಷರಗಳು ಹೊರಗಿನ ಅಕ್ಷರಗಳೊಡನೆ ಮತ್ತೆ ಜೋಡಿಯಾದರೆ ಹಗ್ಗದ ಗಂಟಿನಂತೆ ಕಾಣುತ್ತದೆ. ಆದರೆ ಎಳೆದರೆ ಬಿಚ್ಚಿಕೊಳ್ಳುವ ಹುಸಿಗಂಟು ಅದು. ಈ ನಂಜಾಣುವಿನ ಬಾಲದಲ್ಲಿ ಇಂಥ ಮೂರು ಹುಸಿಗಂಟುಗಳು ಸಾಲಾಗಿದ್ದು, ಕೊನೆಯಲ್ಲಿ ಗಿಡದ್ದೇ ಸಾಗಣೆ ಆರ್.ಎನ್.ಎ.ಯನ್ನು ಹೋಲುವ ಮಡಿಕೆಯೊಂದಿದೆ. ಹೋಲಿಕೆ ಎಷ್ಟರಮಟ್ಟಿಗೆಂದರೆ, ಗಿಡದ ಕಿಣ್ವವೇ ಮೋಸಹೋಗಿ ಅದಕ್ಕೆ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲವನ್ನು ಜೋಡಿಸುತ್ತದೆ!

ಮುಖ್ಯವಾದುದು ಅಕ್ಷರಗಳೋ ಆಕಾರವೋ ಎಂದು ತಿಳಿಯಲು ವಿಜ್ಞಾನಿಗಳು ಹಲವು ಸಸ್ಯ ನಂಜಾಣುಗಳಲ್ಲಿ ಒಂದು ಜಾಣ ಪರೀಕ್ಷೆ ಮಾಡಿದ್ದಾರೆ. ಜೋಡಿಯ ಒಂದು ಅಕ್ಷರ ಬದಲಿಸಿ ಮಡಿಕೆ ಕೆಡಿಸಿದಾಗ ನಕಲು ತೀರ ಕಡಿಮೆಯಾಯಿತು. ಎದುರಿನ ಅಕ್ಷರವನ್ನೂ ಬದಲಿಸಿ ಮತ್ತೆ ಜೋಡಿ ಕೂಡಿಸಿದಾಗ ನಕಲು ಚೇತರಿಸಿಕೊಂಡಿತು. ಅಕ್ಷರಗಳು ಬೇರೆಯಾದರೂ ಆಕಾರ ಉಳಿದರೆ ಸಾಕೆಂದಾಯಿತು. ಎಲ್ಲ ಕಡೆಯೂ ಹೀಗೆಯೇ ಅಲ್ಲ. ಬ್ರೋಮ್ ಎಂಬ ಹುಲ್ಲಿನ ಮೊಸಾಯಿಕ್ ನಂಜಾಣುವಿನಲ್ಲಿ ಕುಣಿಕೆಯ ತುದಿಯ ಮೂರು ಅಕ್ಷರಗಳೂ ಕಿಣ್ವಕ್ಕೆ ಹಿಡಿಕೆಯಿದ್ದಂತೆ.

ಮತ್ತೊಂದು ತೊಡಕಿದೆ. ಪ್ರೋಟೀನಿಗಾಗಿ ಓದುವವರು ತಲೆಯಿಂದ ಹೊರಡುತ್ತಾರೆ, ನಕಲು ಮಾಡುವ ಕಿಣ್ವ ಬಾಲದಿಂದ. ಕಿರಿದಾದ ಬದುವಿನ ಮೇಲೆ ಎದುರುಬದುರಾಗಿ ಎರಡು ಗಾಡಿ ಬಂದಂತೆ. ಟರ್ನಿಪ್ ಹಳದಿ ಮೊಸಾಯಿಕ್ ನಂಜಾಣುವಿನಲ್ಲಿ ಗಿಡದ ಒಂದು ಪ್ರೋಟೀನು ಬಾಲದ ಮಡಿಕೆಯ ಮೇಲೆ ಕುಳಿತಿರುವವರೆಗೆ ನಕಲು ಆರಂಭವಾಗದೆಂದು ಪ್ರಯೋಗಶಾಲೆಯಲ್ಲಿ ಕಂಡುಬಂದಿದೆ. ಮೊದಲು ಓದು, ಆಮೇಲೆ ನಕಲು. ನಕಲು ಆರಂಭವಾಯಿತೆಂದರೆ ಮೊದಲು ಒಂದು ಎದುರೆಳೆ, ಆ ಎದುರೆಳೆಯನ್ನು ಅಚ್ಚಾಗಿಟ್ಟುಕೊಂಡು ಹೊಸ ಎಳೆಗಳು ಒಂದರ ಹಿಂದೊಂದು.

ಈಗ ರೈತರ ಪ್ರಶ್ನೆಗೆ ಬರೋಣ. ಶಿಲೀಂಧ್ರಕ್ಕೆ ತನ್ನದೇ ದೇಹವಿದೆ, ಔಷಧಿ ಅದನ್ನು ಕೊಲ್ಲುತ್ತದೆ. ನಂಜಾಣುವಾದರೋ ಗಿಡದ ಕೋಶದೊಳಗೆ, ಗಿಡದ್ದೇ ಸಾಮಗ್ರಿಯಿಂದ, ಗಿಡದ್ದೇ ವೇಷದಲ್ಲಿ ಬೆಳೆಯುತ್ತದೆ. ಶಿಲೀಂಧ್ರನಾಶಕಕ್ಕೆ ಅಲ್ಲಿ ಹೊಡೆಯಲು ಗುರಿಯೇ ಇಲ್ಲ. ಈ ರೋಗವನ್ನು ಗುಣಪಡಿಸುತ್ತದೆಂದು ಮಾರುವ ಬಾಟಲಿಗೆ ಹಣ ಸುರಿಯಬೇಡಿ. ಅದರಲ್ಲಿ ಪೋಷಕಾಂಶವಿದ್ದರೆ ಹೊಸ ಎಲೆ ಸ್ವಲ್ಪ ಹಸಿರಾಗಿ ಕಂಡೀತು, ನಂಜಾಣು ಮಾತ್ರ ಒಳಗೇ ಇರುತ್ತದೆ.

ನಕಲನ್ನು ತಡೆಯುವ ಒಂದು ಶಕ್ತಿ ಕಾಡು ಟೊಮ್ಯಾಟೊದಿಂದ ಬಂದ ಟಿಎಂ-1 ವಂಶವಾಹಿಯಲ್ಲಿದೆ. ಅದರ ಪ್ರೋಟೀನು ನಂಜಾಣುವಿನ ನಕಲು ಕಿಣ್ವಕ್ಕೇ ಅಂಟಿಕೊಂಡು ಕೆಲಸ ಕೆಡಿಸುತ್ತದೆಂದು 2007ರಲ್ಲಿ ತಿಳಿದುಬಂತು. ಆದರೆ ಕಿಣ್ವದಲ್ಲಿ ಸ್ವಲ್ಪ ಬದಲಾವಣೆ ಮಾಡಿಕೊಂಡು ಈ ತಡೆಯನ್ನು ದಾಟಿದ ನಂಜಾಣುವಿನ ತಳಿಗಳೂ ಇವೆ. ಬೀಜ ಕೊಳ್ಳುವಾಗ ಮೊಸಾಯಿಕ್ ನಿರೋಧಕವೇ ಎಂದು ಕೇಳಿ.

ಉಳಿದದ್ದು ಕೈಯ ಕೆಲಸ. ಈ ನಂಜಾಣು ಮುಖ್ಯವಾಗಿ ಹರಡುವುದು ಕೀಟದಿಂದಲ್ಲ. ಕೈ, ಬಟ್ಟೆ, ಉಪಕರಣ ಮತ್ತು ಬೀಜದಿಂದ. ಸ್ವಂತ ಬೀಜವಾದರೆ ಒಂದು ಲೀಟರ್ ನೀರಿಗೆ 100 ಗ್ರಾಂ ಟ್ರೈಸೋಡಿಯಂ ಫಾಸ್ಫೇಟ್ ಬೆರೆಸಿ, 20 ನಿಮಿಷ ನೆನೆಸಿ, ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆದು ನೆರಳಿನಲ್ಲಿ ಒಣಗಿಸಿ. ಒಣಗಿದ ಹೊಗೆಸೊಪ್ಪಿನಲ್ಲಿ ನಂಜಾಣು ವರ್ಷಗಟ್ಟಲೆ ಬದುಕಿರುತ್ತದೆ. ಆದುದರಿಂದ ಸಸಿಮಡಿಯಲ್ಲಿ ಬೀಡಿ, ಹೊಗೆಸೊಪ್ಪು ಬೇಡ. ಸಸಿ ಮುಟ್ಟುವ ಮೊದಲು ಸೋಪಿನಿಂದ ಕೈ ತೊಳೆಯಿರಿ. ರೋಗದ ಗಿಡಗಳನ್ನು ಕಂಡೊಡನೆ ಕಿತ್ತು ಸುಡಿ. ಕೋಲು ಕಟ್ಟುವ, ಕುಡಿ ಚಿವುಟುವ ಕೆಲಸವನ್ನು ಆರೋಗ್ಯವಾಗಿರುವ ಸಾಲಿನಿಂದ ಆರಂಭಿಸಿ, ಅನುಮಾನವಿರುವ ಸಾಲನ್ನು ಕೊನೆಗೆ ಇಟ್ಟುಕೊಳ್ಳಿ.