ಕೊಟ್ಟಿಗೆಯ ಕ್ಯಾಮೆರಾ ಆನ್ ಆಗುತ್ತಿಲ್ಲವೇ? ಹೊಸದು ಕೊಳ್ಳುವ ಮುನ್ನ ಹೀಗೆ ಪರೀಕ್ಷಿಸಿ



ದಿನ ತುಂಬಿದ ಹಸುವನ್ನು ರಾತ್ರಿಯಿಡೀ ಕಾಯುವುದು ಎಷ್ಟು ಕಷ್ಟವೆಂದು ನಿಮಗೆ ಹೇಳಬೇಕಾಗಿಲ್ಲ. ಮನೆಯಿಂದ ಕೊಟ್ಟಿಗೆ ದೂರವಿರುವ ಕೆಲವರು ಈಗ ಅಲ್ಲೊಂದು ಕ್ಯಾಮೆರಾ ಹಾಕಿಸಿಕೊಂಡಿದ್ದಾರೆ. ಹಸು ಎದ್ದು ಕೂರುವುದು, ಬಾಲ ಎತ್ತಿ ತಿಣುಕುವುದು ಎಲ್ಲವೂ ಮೊಬೈಲಿನಲ್ಲೇ ಕಾಣುತ್ತದೆ. ನೀರಿನ ಚೀಲ ಕಾಣಿಸಿಕೊಂಡು ಎರಡು ಗಂಟೆಯಾದರೂ ಕರು ಬಾರದಿದ್ದರೆ ವೈದ್ಯರನ್ನು ಕರೆಯಲೇಬೇಕು. ಆ ಎರಡು ಗಂಟೆ ಯಾವಾಗ ಶುರುವಾಯಿತು ಎಂದು ತಿಳಿಯಲು ಕ್ಯಾಮೆರಾ ಒಳ್ಳೆಯ ಸಹಾಯ. ರಾತ್ರಿ ಹೊತ್ತು ಬರುವ ಬೆದೆಯೂ ಕಣ್ಣಿಗೆ ಬೀಳುತ್ತದೆ.

ಆದರೆ ಬೇಕಾದ ದಿನವೇ ಅದು ಆನ್ ಆಗದಿದ್ದರೆ? "ಕ್ಯಾಮೆರಾ ಹೋಯ್ತು ಡಾಕ್ಟ್ರೇ, ಹೊಸದು ತರಬೇಕಂತೆ" ಎಂದು ಹಲವರು ಹೇಳುತ್ತಾರೆ. ಸ್ವಲ್ಪ ತಾಳಿ. ಕೊಟ್ಟಿಗೆಯಲ್ಲಿ ಕ್ಯಾಮೆರಾಕ್ಕಿಂತ ಮೊದಲು ಕೆಡುವುದು ಅದರ ಕೇಬಲ್ ಮತ್ತು ಕೇಬಲ್ ತುದಿಯ ಕನೆಕ್ಟರ್. ಮನೆಯಲ್ಲೇ ಮಾಡಬಹುದಾದ ಒಂದು ಸಣ್ಣ ಪರೀಕ್ಷೆಯಿಂದ ಸಾವಿರಾರು ರೂಪಾಯಿ ಉಳಿಯಬಹುದು.

ಒಂದೇ ಕೇಬಲ್, ಎರಡು ಕೆಲಸ

ಇಂಥ ಕ್ಯಾಮೆರಾಕ್ಕೆ ಬೇರೆ ಕರೆಂಟ್ ವಯರು ಇರುವುದಿಲ್ಲ. ಎಂಟು ಎಳೆಗಳ ಒಂದೇ ಕೇಬಲ್ಲು ಚಿತ್ರವನ್ನು ತರುತ್ತದೆ, ಕರೆಂಟನ್ನೂ ಒಯ್ಯುತ್ತದೆ. ಇದಕ್ಕೆ ಪಿಒಇ ಎನ್ನುತ್ತಾರೆ. ಕರೆಂಟ್ ಕೊಡುವುದು ಮನೆಯಲ್ಲಿರುವ ಪಿಒಇ ಸ್ವಿಚ್ ಎಂಬ ಪೆಟ್ಟಿಗೆ, ಇಲ್ಲವೇ ಇಂಜೆಕ್ಟರ್ ಎಂಬ ಚಿಕ್ಕ ಅಡಾಪ್ಟರ್.

ಈ ಸ್ವಿಚ್ ಪೆಟ್ಟಿಗೆ ಕಣ್ಣುಮುಚ್ಚಿ ಕರೆಂಟ್ ಬಿಡುವುದಿಲ್ಲ. ಕರುವಿಗೆ ಗಿಣ್ಣು ಕುಡಿಸುವ ಮೊದಲು ಬಾಯಿಗೆ ಬೆರಳಿಟ್ಟು, ಚೀಪುತ್ತದೆಯೇ ಎಂದು ನೋಡುತ್ತೀರಲ್ಲ, ಹಾಗೆಯೇ ಅದು ಮೊದಲು ಸಣ್ಣ ವೋಲ್ಟೇಜ್ ಕಳಿಸಿ, ಆ ತುದಿಯಲ್ಲಿ ಪಿಒಇ ಸಾಧನ ಇದೆಯೇ ಎಂದು ಪರೀಕ್ಷಿಸುತ್ತದೆ. ಸರಿಯಾದ ಉತ್ತರ ಬಂದರೆ ಮಾತ್ರ ಸುಮಾರು 48 ವೋಲ್ಟ್ ಬಿಡುತ್ತದೆ. ಹಾಗಾಗಿ ಕ್ಯಾಮೆರಾ ಆನ್ ಆಗಿಲ್ಲವೆಂದರೆ ಅದು ಸತ್ತಿದೆ ಎಂದೇ ಅರ್ಥವಲ್ಲ. ನಡುವೆ ಎಲ್ಲೋ ಉತ್ತರ ತಪ್ಪಿಹೋಗಿರಬಹುದು.

ಕೆಲಸಕ್ಕೆ ಮುನ್ನ ಎಚ್ಚರಿಕೆ

ಕೇಬಲ್ಲಿನಲ್ಲಿರುವುದು ಕಡಿಮೆ ವೋಲ್ಟೇಜ್. ಆದರೆ ಸ್ವಿಚ್ ಪೆಟ್ಟಿಗೆ ಕೂರುವ ಪ್ಲಗ್ಗಿನಲ್ಲಿ 230 ವೋಲ್ಟ್ ಇರುತ್ತದೆ. ಒದ್ದೆ ಕೈಯಲ್ಲಿ ಮುಟ್ಟಬೇಡಿ. ಈ ಪೆಟ್ಟಿಗೆಯನ್ನು ಕೊಟ್ಟಿಗೆಯಲ್ಲಿ ಇಡಬೇಡಿ, ಮನೆಯೊಳಗೆ ಒಣಗಿದ ಜಾಗದಲ್ಲಿಡಿ. ಒದ್ದೆ ನೆಲದ ಮೇಲೆ ನಾಲ್ಕು ಕಾಲಲ್ಲಿ ನಿಂತ ಹಸುವಿಗೆ, ನಮಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟೂ ತಾಗುತ್ತದೆ. ಹಸುಗಳು ಇದ್ದಕ್ಕಿದ್ದಂತೆ ನೀರಿನ ತೊಟ್ಟಿಗೆ ಬಾಯಿ ಹಾಕಲು ಹಿಂಜರಿದರೆ ಅಥವಾ ಹಾಲು ಕರೆಯುವಾಗ ಒದೆಯತೊಡಗಿದರೆ ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ ಅವರಿಂದ ಅರ್ಥಿಂಗ್ ನೋಡಿಸಿ.

ಪರೀಕ್ಷೆಯ ಹಂತಗಳು

ಕರೆಂಟ್ ಹೊರಡುವ ಕಡೆಯಿಂದ ಶುರು ಮಾಡಿ, ಕ್ಯಾಮೆರಾದ ಕಡೆಗೆ ಸಾಗಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

1. ಮೂಲದಲ್ಲಿ ಕರೆಂಟ್ ಇದೆಯೇ? ಸ್ವಿಚ್ ಪೆಟ್ಟಿಗೆಯ ದೀಪ ಉರಿಯದಿದ್ದರೆ ಅದೇ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ದೀಪ ಉರಿಯುತ್ತಿದ್ದರೆ ಪೆಟ್ಟಿಗೆಯನ್ನು ಆರಿಸಿ, ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಿ.

2. ಕೇಬಲ್ ಸರಿಯಾದ ಪೋರ್ಟಿನಲ್ಲಿದೆಯೇ? ಪೆಟ್ಟಿಗೆಯ ಎಲ್ಲ ಪೋರ್ಟುಗಳೂ ಕರೆಂಟ್ ಕೊಡುವುದಿಲ್ಲ. 'ಅಪ್‌ಲಿಂಕ್' ಎಂದಿರುವುದು ಸಾಮಾನ್ಯವಾಗಿ ರೂಟರಿಗೆ ಮೀಸಲು. ಇಂಜೆಕ್ಟರ್ ಆದರೆ 'ಪಿಒಇ' ಎಂದಿರುವ ಕಡೆ ಕ್ಯಾಮೆರಾದ ಕೇಬಲ್, 'ಲ್ಯಾನ್' ಎಂದಿರುವ ಕಡೆ ರೂಟರಿನ ಕೇಬಲ್ ಇರಬೇಕು. ಗುಡಿಸುವಾಗ ಕಿತ್ತು ಮತ್ತೆ ಹಾಕುವಾಗ ಇವು ಅದಲುಬದಲಾಗುವುದುಂಟು.

3. ಗಿಡ್ಡ ಕೇಬಲ್ ಪರೀಕ್ಷೆ. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಕ್ಯಾಮೆರಾವನ್ನು ಬಿಚ್ಚಿ ಮನೆಗೆ ತನ್ನಿ. ಸರಿಯಿದೆ ಎಂದು ಗೊತ್ತಿರುವ ಒಂದೆರಡು ಮೀಟರ್ ಉದ್ದದ ಕೇಬಲ್ಲಿನಿಂದ ಅದೇ ಪೋರ್ಟಿಗೆ ಜೋಡಿಸಿ, ಎರಡು ನಿಮಿಷ ಕಾಯಿರಿ.
ಆನ್ ಆದರೆ: ಕ್ಯಾಮೆರಾ ಚೆನ್ನಾಗಿದೆ, ದೋಷ ಉದ್ದ ಕೇಬಲ್ಲಿನಲ್ಲಿದೆ.
ಆನ್ ಆಗದಿದ್ದರೆ: ಇನ್ನೊಂದು ಪೋರ್ಟಿಗೆ ಹಾಕಿ. ಅಲ್ಲಿ ಆನ್ ಆದರೆ ಮೊದಲ ಪೋರ್ಟ್ ಕೆಟ್ಟಿದೆ.
ಅಲ್ಲೂ ಆಗದೆ, ಅದೇ ಪೋರ್ಟಿನಲ್ಲಿ ಅದೇ ಬಗೆಯ ಬೇರೆ ಕ್ಯಾಮೆರಾ ಆನ್ ಆದರೆ: ಆಗ ಮಾತ್ರ ನಿಮ್ಮ ಕ್ಯಾಮೆರಾ ಕೆಟ್ಟಿದೆ ಎನ್ನಬಹುದು. ವಾರಂಟಿ ಚೀಟಿ ಹುಡುಕಿ.

4. ಕೇಬಲ್ ನೋಡಿ. ಇಲಿ ಕಡಿದಿದೆಯೇ, ಬಾಗಿಲ ಸಂದಿಯಲ್ಲಿ ಜಜ್ಜಿದೆಯೇ, ನಡುವೆ ಟೇಪ್ ಸುತ್ತಿ ಗಂಟು ಹಾಕಿದ್ದಾರೆಯೇ? ಕನೆಕ್ಟರಿನೊಳಗೆ ಹಸಿರು ಕಿಲುಬು ಇದೆಯೇ? ಗಂಜಲದಿಂದೇಳುವ ಅಮೋನಿಯಾ ಮತ್ತು ತೇವ ಸೇರಿ ತಾಮ್ರವನ್ನು ತಿನ್ನುತ್ತವೆ. ಕಿಲುಬು ಹಿಡಿದ ಕನೆಕ್ಟರನ್ನು ಒರೆಸಿ ಹಾಕಬೇಡಿ, ಕತ್ತರಿಸಿ ಹೊಸದು ಹಾಕಿಸಿ. ಹಾಕುವಾಗ ಎಂಟೂ ಎಳೆಗಳು ಕೂರಬೇಕು, ಎರಡು ತುದಿಯಲ್ಲೂ ಬಣ್ಣದ ಸಾಲು ಒಂದೇ ಇರಬೇಕು: ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಕೆಲವರು ನಾಲ್ಕೇ ಎಳೆ ಜೋಡಿಸಿ "ಸಾಕು" ಎನ್ನುತ್ತಾರೆ. ಚಿತ್ರಕ್ಕೆ ಅಷ್ಟು ಸಾಕಾಗಬಹುದು. ಆದರೆ ಹಲವು ಇಂಜೆಕ್ಟರುಗಳು ಕರೆಂಟ್ ಕಳಿಸುವುದೇ ನೀಲಿ ಮತ್ತು ಕಂದು ಜೋಡಿಯಲ್ಲಿ.

5. ಜೋಡಿ ಹೊಂದುತ್ತದೆಯೇ? ಕ್ಯಾಮೆರಾದ ಚೀಟಿಯಲ್ಲಿ 'ಪಿಒಇ' ಅಥವಾ '802.3ಎಎಫ್' ಎಂದಿರಬೇಕು. '12 ವೋಲ್ಟ್ ಡಿಸಿ' ಎಂದು ಮಾತ್ರ ಇದ್ದರೆ ಅದು ಈ ಕೇಬಲ್ಲಿನಿಂದ ನೇರವಾಗಿ ನಡೆಯುವುದಿಲ್ಲ. ಕೆಲವು ಅಗ್ಗದ ಇಂಜೆಕ್ಟರುಗಳು ಪರೀಕ್ಷಿಸದೆಯೇ ಕರೆಂಟ್ ಬಿಡುತ್ತವೆ. ಪಕ್ಕದ ಮನೆಯ ಇಂಜೆಕ್ಟರ್ ತಂದು ಸಿಕ್ಕಿಸುವ ಮೊದಲು ಎರಡರ ವೋಲ್ಟೇಜೂ ಒಂದೇ ಇದೆಯೇ ನೋಡಿ. ಇಲ್ಲದಿದ್ದರೆ ಒಳ್ಳೆಯ ಕ್ಯಾಮೆರಾ ಸುಟ್ಟೀತು.

ಹಗಲು ಸರಿ, ಕತ್ತಲಾದರೆ ಬಂದ್

ಈ ದೂರಿಗೆ ಬೇರೆಯದೇ ಕಾರಣವಿದೆ. ಕತ್ತಲಾದಾಗ ಕ್ಯಾಮೆರಾ ತನ್ನೊಳಗಿನ ಇನ್‌ಫ್ರಾರೆಡ್ ದೀಪಗಳನ್ನು ಉರಿಸುತ್ತದೆ, ಆಗ ಕರೆಂಟ್ ಹೆಚ್ಚು ಬೇಕು. ಅಷ್ಟು ಸಿಗದಿದ್ದರೆ ಆರುತ್ತದೆ, ಮತ್ತೆ ಆನ್ ಆಗುತ್ತದೆ, ಮತ್ತೆ ಆರುತ್ತದೆ. ಹಗಲಲ್ಲಿ ನೋಡಿದ ಮೆಕ್ಯಾನಿಕ್ "ಎಲ್ಲಾ ಸರಿಯಿದೆ" ಎಂದು ಹೋಗುತ್ತಾರೆ. ಕತ್ತಲಾದ ಮೇಲೆ ಬಂದು ನೋಡುವಂತೆ ಹೇಳಿ. ನೋಡಬೇಕಾದದ್ದು ಮೂರು:

ಉದ್ದ: ಕೇಬಲ್ 100 ಮೀಟರ್ ಮೀರಬಾರದು.

ಜಾತಿ: ಕೇಬಲ್ಲಿನ ಎಳೆಯೊಂದನ್ನು ಚಾಕುವಿನಿಂದ ಕೆರೆಯಿರಿ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ತಾಮ್ರ ಲೇಪಿಸಿದ ಅಲ್ಯುಮಿನಿಯಂ. ಅದು ಅಗ್ಗ, ಆದರೆ ದೂರಕ್ಕೆ ಕರೆಂಟ್ ಸಾಗಿಸುವಾಗ ಹೆಚ್ಚು ಕಳೆಯುತ್ತದೆ.

ಒಟ್ಟು ವ್ಯಾಟ್: ಸಾಮಾನ್ಯ ಪಿಒಇ ಪೋರ್ಟ್ ಹೆಚ್ಚೆಂದರೆ 15.4 ವ್ಯಾಟ್ ಕೊಡುತ್ತದೆ, ದೂರದ ತುದಿಗೆ ಸುಮಾರು 13 ವ್ಯಾಟ್ ತಲುಪುತ್ತದೆಂದು ಲೆಕ್ಕ. ಇಡೀ ಪೆಟ್ಟಿಗೆಗೂ ಒಂದು ಮಿತಿ ಉಂಟು. ಹೊಸ ಕ್ಯಾಮೆರಾ ಸೇರಿಸಿದ ಮೇಲೆ ಹಳೆಯದು ಆರಿದರೆ ಆ ಮಿತಿ ಮೀರಿದೆ ಎಂದು ತಿಳಿಯಿರಿ.

ಮತ್ತೆ ಕೆಡದಂತೆ

ಕೇಬಲ್ಲನ್ನು ಪಿವಿಸಿ ಪೈಪಿನೊಳಗೆ, ಹಸುವಿನ ಬಾಯಿಗೂ ಕೊಂಬಿಗೂ ಎಟುಕದ ಎತ್ತರದಲ್ಲಿ ಎಳೆಸಿ. ಕನೆಕ್ಟರನ್ನು ನೀರು ಹೋಗದ ಡಬ್ಬಿಯಲ್ಲಿಡಿ. ಕ್ಯಾಮೆರಾದ ಹತ್ತಿರ ಕೇಬಲ್ಲು ಸ್ವಲ್ಪ ಕೆಳಗೆ ಜೋತುಬಿದ್ದು ಮೇಲೇರಲಿ, ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಗುಡುಗು ಸಿಡಿಲಿನ ಸೂಚನೆ ಇದ್ದರೆ ಮೊದಲೇ ಪ್ಲಗ್ಗನ್ನೂ ಕೇಬಲ್ಲನ್ನೂ ಬಿಡಿಸಿಡಿ. ಸಿಡಿಲು ಶುರುವಾದ ಮೇಲೆ ಮುಟ್ಟಬೇಡಿ. ಪರೀಕ್ಷೆಗೆಂದೇ ಒಂದು ಗಿಡ್ಡ ಕೇಬಲ್ ಬೀರುವಿನಲ್ಲಿರಲಿ. ಹಸುವಿನ ದಿನ ತುಂಬುವ ಒಂದು ವಾರ ಮೊದಲೇ, ರಾತ್ರಿ ಹೊತ್ತು, ಕ್ಯಾಮೆರಾ ನೋಡಿಕೊಳ್ಳಿ.

ನೆನಪಿಡಿ: ಕರು ಹಾಕುವ ರಾತ್ರಿಯೇ ಕ್ಯಾಮೆರಾ ಆರಿದರೆ ಕತ್ತಲಲ್ಲಿ ಏಣಿ ಹತ್ತಬೇಡಿ. ಟಾರ್ಚ್ ಹಿಡಿದು ಹಸುವಿನ ಬಳಿ ಹೋಗಿ. ಕರು ಹಾಕಿದ ಮೇಲೂ ಮೂರು ದಿನ ಕಣ್ಣಿಟ್ಟಿರಿ. ಹಸು ಏಳಲಾರದೆ, ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿ ಮಲಗಿ, ಕಿವಿ ತಣ್ಣಗಿದ್ದರೆ ಅದು ಹಾಲುಜ್ವರ ಇರಬಹುದು. ಬಾಯಿಗೆ ಏನನ್ನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋದೀತು. ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ. ಕೇಬಲ್ಲಿನ ಕೆಲಸ ಬೆಳಗಾದ ಮೇಲೆ ನೋಡಿಕೊಂಡರಾಯಿತು.