ಭೇದ, ವ್ಯತ್ಯಾಸ, ತಾರತಮ್ಯ

ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ‘ವ್ಯತ್ಯಾಸ’ವೆಂಬ ಒಂದೇ ಶಬ್ದವು ಹತ್ತು ಕಡೆ ದುಡಿಯುವುದನ್ನು ಕಾಣುತ್ತೇವೆ. ಕೆಲವರು ಭೇದ, ಅಂತರ, ತಾರತಮ್ಯಗಳನ್ನು ಒಂದರ ಸ್ಥಾನದಲ್ಲಿ ಇನ್ನೊಂದನ್ನಿಟ್ಟು ಬರೆಯುವುದೂ ಉಂಟು. ಪರ್ಯಾಯಪದಗಳೆಂದರೆ ಸರಿಸಮಾನವಾದ ಪದಗಳೆಂಬ ತಿಳಿವಳಿಕೆಯೇ ಇದಕ್ಕೆ ಕಾರಣ.

50ರಿಂದ 38ನ್ನು ಕಳೆದಾಗ ಉಳಿಯುವ 12 ವ್ಯತ್ಯಾಸ. ಅದರಲ್ಲಿ ಯಾರ ತಪ್ಪೂ ಇಲ್ಲ. ನಮ್ಮೂರಿಗೂ ಆದವಾನಿಗೂ ನಡುವೆ ಇರುವುದು ಅಂತರ. ‘ಭೇದ’ವಾದರೋ ಸೀಳುವುದೆಂಬ ಅರ್ಥದ ‘ಭಿದ್’ ಧಾತುವಿನಿಂದ ಬಂದುದು. ‘ಭಿನ್ನ’ವೂ ಅದರ ಒಡಹುಟ್ಟು. ಆದುದರಿಂದಲೇ ಒಡೆದ ವಿಗ್ರಹವು ಭಿನ್ನವಾಯಿತೆನ್ನುತ್ತೇವೆ. ಇಡಿಯನ್ನು ತುಂಡರಿಸಿದ ಸಂಖ್ಯೆ ಭಿನ್ನರಾಶಿಯೆನಿಸಿತು. ಸಾಮ, ದಾನ, ಭೇದ, ದಂಡಗಳಲ್ಲಿ ಮೂರನೆಯದು ಎದುರಾಳಿಗಳ ಒಗ್ಗಟ್ಟನ್ನು ಒಡೆಯುವ ಉಪಾಯ. ಹೂಗಳ ಬಣ್ಣವನ್ನು ವರ್ಣಿಸುವಾಗ ‘ವೈವಿಧ್ಯ’ವೇ ಮೇಲು, ಆ ಶಬ್ದದಲ್ಲಿ ಸಂತೋಷವಿದೆ.

‘ತಾರತಮ್ಯ’ವು ಸಂಸ್ಕೃತದ ತರ, ತಮ ಪ್ರತ್ಯಯಗಳಿಂದ ಆದುದು: ಉಚ್ಚ, ಉಚ್ಚತರ, ಉಚ್ಚತಮ. ಮೂಲದಲ್ಲಿ ಅದು ಮೆಟ್ಟಿಲುಗಳ ಎಣಿಕೆ. ನೆರೆಯ ಮಂತ್ರಾಲಯದ ಮಾಧ್ವಮತದಲ್ಲಿ ಪಂಚಭೇದವೇ ಬೇರೆ, ತಾರತಮ್ಯವೇ ಬೇರೆ. ಮೊದಲನೆಯದು ಇದು ಅದಲ್ಲವೆನ್ನುವುದು; ಎರಡನೆಯದು ಮೇಲುಕೀಳಿನ ಕ್ರಮ. ಇಂದಿನ ಬಳಕೆಯಲ್ಲಿ ಅದೇ ಶಬ್ದ ಪಕ್ಷಪಾತವೆಂಬ ಅರ್ಥವನ್ನು ತಳೆದು ಆರೋಪವಾಗಿ ನಿಂತಿದೆ.

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುವ ನಮ್ಮ ಮಕ್ಕಳಿಗೆ ಎಚ್ಚರ ಇನ್ನಷ್ಟು ಬೇಕು. ತೆಲುಗಿನ ‘ವೇರು’ ಗಿಡದ ಬೇರೂ ಹೌದು, ಬೇರೆಯೆಂಬುದೂ ಹೌದು. ಕನ್ನಡದಲ್ಲಿ ಕೊನೆಯ ಸ್ವರವೇ ಇವೆರಡನ್ನು ಬೇರ್ಪಡಿಸುತ್ತದೆ. ನಮ್ಮೂರ ಹೆಸರಿನ ‘ಪೆದ್ದ’ ತೆಲುಗಿನಲ್ಲಿ ಹಿರಿಯದು. ಕನ್ನಡದಲ್ಲಿ ಯಾರನ್ನಾದರೂ ಹಾಗೆಂದು ಕರೆದರೆ ಜಗಳವೇ ಸರಿ! ‘ತೇಡಾ’ ಎಂಬ ಮಾತು ಸಂತೆಯಲ್ಲಿರಲಿ, ಉತ್ತರಪತ್ರಿಕೆಗೆ ಬಾರದಿರಲಿ.

ಪೋಷಕರಿಗೂ ಒಂದು ಮಾತು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದಂದಿನಿಂದ ಇಲ್ಲಿಯ ಕನ್ನಡ ಶಾಲೆಗಳು ಅಲ್ಪಸಂಖ್ಯಾತರ ಶಾಲೆಗಳು. ಅರ್ಜಿ ಬರೆಯುವ ಪ್ರಸಂಗಗಳು ತಪ್ಪಿದ್ದಲ್ಲ. ಬೇಕಾದ ಪುಸ್ತಕಗಳಿಗೂ ಬಂದ ಪುಸ್ತಕಗಳಿಗೂ ‘ವ್ಯತ್ಯಾಸ’ವಿದೆಯೆಂದು ಬರೆದರೆ ಅಧಿಕಾರಿಗಳು ಎಣಿಸಿ ನೋಡುವರು. ‘ತಾರತಮ್ಯ’ ನಡೆದಿದೆಯೆಂದು ಬರೆದರೆ, ಉಳಿದ ಶಾಲೆಗಳಿಗೆ ಸಂದದ್ದು ನಮಗೆ ಮಾತ್ರ ಸಲ್ಲಲಿಲ್ಲವೆಂಬುದನ್ನು ನಾವೇ ತೋರಿಸಿಕೊಡಬೇಕಾಗುವುದು. ತೋರಿಸಬಲ್ಲೆವಾದರೆ ಆ ಶಬ್ದವನ್ನೇ ಧೈರ್ಯವಾಗಿ ಬಳಸಬೇಕು, ‘ಭೇದಭಾವ’ವೆಂದು ಮೆತ್ತಗೆ ಮಾಡಬೇಕಾದುದಿಲ್ಲ. ಅಲ್ಪಸಂಖ್ಯಾತರ ಆಡಳಿತಕ್ಕೆ ಒಳಪಟ್ಟಿದೆಯೆಂಬ ಕಾರಣದಿಂದ ಒಂದು ಶಿಕ್ಷಣಸಂಸ್ಥೆಗೆ ಸರ್ಕಾರವು ನೆರವು ನೀಡುವಲ್ಲಿ ತಾರತಮ್ಯ ಮಾಡಕೂಡದೆಂದು ನಮ್ಮ ಸಂವಿಧಾನದ 30ನೆಯ ಅನುಚ್ಛೇದದ ಎರಡನೆಯ ಖಂಡವು ವಿಧಿಸಿದೆ.