ಜಾಮೀನಿನ ಬಂಧನ

(ಮನೋಳಿಯ ಓದುಗರೊಬ್ಬರು ಸಭೆಯ ಸಹೋದರನ ಬ್ಯಾಂಕ್ ಸಾಲಕ್ಕೆ ಜಾಮೀನಾಗಿದ್ದಾರೆ, ಆತನು ಕಂತು ನಿಲ್ಲಿಸಿದ್ದಾನೆ.)

ಸಹೋದರರೇ, ಜಾಮೀನಾದವನು ಕಣ್ಣಿಗೆ ನಿದ್ರೆಗೊಡದೆ, ನೆರೆಯವನನ್ನು ಕಾಡಿ ಬೇಡಿಯಾದರೂ ತನ್ನನ್ನು ಬಿಡಿಸಿಕೊಳ್ಳತಕ್ಕದ್ದೆಂದು ಜ್ಞಾನೋಕ್ತಿಗಳ 6ನೆಯ ಅಧ್ಯಾಯವು ವಿಧಿಸುವುದರಿಂದ, ಸಾಲ ತೀರಿಸೆಂದು ಕೇಳುವುದು ಪ್ರೀತಿಗೆ ವಿರುದ್ಧವೆಂಬ ಸಂಕೋಚವನ್ನು ತ್ಯಜಿಸಿ, ಸಭೆಯ ಹಿರಿಯರೊಬ್ಬರೊಡನೆ ಇಂದೇ ಆತನ ಮನೆಗೆ ಹೋಗಿರಿ. ಕಾನೂನು ಇನ್ನೂ ಕಠಿನ: 1872ರ ಭಾರತೀಯ ಕರಾರು ಅಧಿನಿಯಮದ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ, ಸಾಲಗಾರನ ಹೊಣೆಯಷ್ಟೇ ನಿಮ್ಮದೂ ಆಗಿರುವುದು. ಜಾಮೀನುಪತ್ರದ ಪ್ರತಿಯನ್ನು ಪಡೆದು, ಕಂತುಗಳ ಮರುಹೊಂದಾಣಿಕೆಗಾಗಿ ಬ್ಯಾಂಕಿಗೆ ನೀವೂ ಆತನೂ ಲಿಖಿತವಾಗಿ ಕೋರಿರಿ. ನೀವೇ ತೀರಿಸಬೇಕಾಗಿ ಬಂದರೆ ರಸೀದಿಗಳನ್ನು ಕಾದಿರಿಸಿರಿ. ಅದೇ ಅಧಿನಿಯಮದ 145ನೆಯ ಕಲಮಿನಂತೆ ಆ ಹಣವನ್ನು ಆತನಿಂದ ವಸೂಲು ಮಾಡುವ ಹಕ್ಕು ನಿಮಗುಂಟು. ನೋಟೀಸು ಬಂದೊಡನೆ ಸವದತ್ತಿಯಲ್ಲಿ ವಕೀಲರನ್ನು ಕಾಣಿರಿ. ಆದಾಯ ಅಲ್ಪವಾಗಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿರಿ.